ಹನ್ನೆರಡು ವರ್ಷದ ಮೌನಕ್ಕೆ ತೆತ್ತ ಬೆಲೆ

ತಾಳಿದವನು ಬಾಳಿಯಾನು ಎಂಬುದು ಹಿರಿಯರ ಮಾತು. ಪೀಣ್ಯಕ್ಕೆ ಹೊಂದಿಕೊಂಡ ಲಗ್ಗೆರೆಯ ಸಣ್ಣ ಉದ್ಯಮಿಗಳೂ ಬಹುಮಟ್ಟಿಗೆ ಇದನ್ನೇ ಪಾಲಿಸುತ್ತಾರೆ. ಪಕ್ಕದ ಶೆಡ್ಡಿನವರು ತಮ್ಮ ಸರಕಿನ ಹೆಸರನ್ನೇ ಹೋಲುವ ಹೆಸರಿಟ್ಟು ಮಾರಾಟಕ್ಕಿಳಿದರೆ, ‘ಇರಲಿ, ಎಷ್ಟು ದಿನ ನಡೆಸುತ್ತಾರೋ ನೋಡೋಣ’ ಎಂದು ಸುಮ್ಮನಾಗುವುದುಂಟು. ವಕೀಲರ ಶುಲ್ಕ ಇಂದಿನ ಖರ್ಚು, ನಷ್ಟವೋ ನಾಳೆಯದು. ಆದರೆ ಇಂಥ ತಾಳ್ಮೆಯನ್ನು ಕಾನೂನು ಸಮ್ಮತಿಯೆಂದು ಭಾವಿಸಬಹುದು ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣವಿದೆ.

ಖೋಡೆ ಡಿಸ್ಟಿಲರೀಸ್ ಸಂಸ್ಥೆಯು 1968ರಲ್ಲಿ ‘ಪೀಟರ್ ಸ್ಕಾಟ್’ ವಿಸ್ಕಿಯ ತಯಾರಿಕೆ ಆರಂಭಿಸಿ, ಆ ಹೆಸರನ್ನು ನೋಂದಾಯಿಸಿಕೊಂಡಿತು. ‘ಸ್ಕಾಟ್’ ಎಂಬ ಪದವು ಗ್ರಾಹಕರ ದಾರಿ ತಪ್ಪಿಸುತ್ತದೆಂಬುದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ನಿನ ಆಕ್ಷೇಪ. ವಿಷಯವು ಅದಕ್ಕೆ 1974ರಲ್ಲಿಯೇ ತಿಳಿದಿತ್ತು. ನೋಂದಣಿಯ ವಿರುದ್ಧ ಅರ್ಜಿ ಸಲ್ಲಿಸಿದ್ದು 1986ರಲ್ಲಿ. ಟ್ರೇಡ್ ಮಾರ್ಕ್ ಕಚೇರಿಯಲ್ಲಿಯೂ ಮದ್ರಾಸ್ ಹೈಕೋರ್ಟಿನಲ್ಲಿಯೂ ಖೋಡೆ ಸೋತಿತು. 2008ರ ಮೇ 27ರಂದು ಸುಪ್ರೀಂ ಕೋರ್ಟ್ ಆ ತೀರ್ಪುಗಳನ್ನು ರದ್ದುಪಡಿಸಿತು. ತಿಳಿದೂ ಇಷ್ಟು ಕಾಲ ಸುಮ್ಮನಿದ್ದುದು, ಅಷ್ಟರಲ್ಲಿ ಎದುರಾಳಿಯ ವ್ಯಾಪಾರ ಬೆಳೆದದ್ದು ಮುಖ್ಯ ಕಾರಣ. ಸ್ಕಾಚ್ ಕೊಳ್ಳುವವರು ವ್ಯತ್ಯಾಸ ಬಲ್ಲವರೆಂಬುದು ಇನ್ನೊಂದು. ಹನ್ನೆರಡು ವರ್ಷ ಕಾದು ಹೂಡಿದ ವ್ಯಾಜ್ಯ ಇಪ್ಪತ್ತೆರಡು ವರ್ಷ ನಡೆಯಿತು. ಹಣಬಲವುಳ್ಳ ವಿದೇಶಿ ಸಂಸ್ಥೆಗೇ ಈ ಗತಿಯಾದರೆ, ಓವರ್‌ಡ್ರಾಫ್ಟ್ ಮೇಲೆ ನಡೆಯುವ ಲೇತ್ ಶಾಪಿನ ಪಾಡೇನು?

2003ರಲ್ಲಿ ಜಾರಿಗೆ ಬಂದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯು ಗಡುವನ್ನೇ ಹಾಕಿದೆ. ನಂತರ ನೋಂದಾಯಿತವಾದ ಗುರುತಿನ ಬಳಕೆಯನ್ನು ಮೊದಲಿನ ಗುರುತಿನ ಒಡೆಯರು ತಿಳಿದೂ ಸತತ ಐದು ವರ್ಷ ಸಹಿಸಿಕೊಂಡರೆ, ಅದರ ರದ್ದತಿ ಕೋರುವ ಹಕ್ಕು 33ನೇ ಕಲಮಿನಂತೆ ಅವರಿಗೆ ಉಳಿಯದು. ದುರುದ್ದೇಶದಿಂದ ಪಡೆದ ನೋಂದಣಿಗೆ ಮಾತ್ರ ಈ ರಕ್ಷಣೆಯಿಲ್ಲ. ಆದರೆ ದುರುದ್ದೇಶವನ್ನು ಸಾಬೀತುಪಡಿಸುವುದು ಸುಲಭವಲ್ಲ.

ಹಾಗೆಂದು ಕಂಡೊಡನೆ ಕೋರ್ಟಿಗೆ ಓಡಬೇಕಿಲ್ಲ. ದಾವೆಯ ಖರ್ಚು ದುಡಿಯುವ ಬಂಡವಾಳವನ್ನೇ ನುಂಗೀತು. ಕಾಯುವುದಾದರೆ, ಆಕ್ಷೇಪವನ್ನು ಬರಹದಲ್ಲಿ ಕಳುಹಿಸಿ ಸ್ವೀಕೃತಿಯನ್ನು ಕಡತದಲ್ಲಿರಿಸಿ ಕಾಯಬೇಕು. ಹೆಸರು ಮೊದಲು ಬಳಕೆಗೆ ಬಂದ ವರ್ಷದ ಇನ್‌ವಾಯ್ಸ್‌ಗಳನ್ನೂ ಹಳೆಯ ಲೆಕ್ಕವೆಂದು ರದ್ದಿಗೆ ಹಾಕಬಾರದು. ಮುಂದೆ ಅವೇ ಸಾಕ್ಷಿ.

ಇದಕ್ಕೂ ಅಗ್ಗದ ಅವಕಾಶವೊಂದಿದೆ. ಎದುರಾಳಿಯ ಅರ್ಜಿಯು ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ವಿರೋಧ ಸಲ್ಲಿಸಬಹುದು. ಜರ್ನಲ್ ವಾರಕ್ಕೊಮ್ಮೆ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅದನ್ನು ತೆರೆದು ನೋಡುವ ಕೆಲಸವನ್ನು ಘಟಕದಲ್ಲಿ ಯಾರಿಗಾದರೂ ವಹಿಸಬೇಕಷ್ಟೆ.