ಅಲ್ಯೂಮಿನಿಯಂ ಮಿಶ್ರಲೋಹಗಳ ಅವಕ್ಷೇಪ ದೃಢೀಕರಣದಲ್ಲಿ ಬೆರಕೆ ಧಾತುಗಳ ಪಾತ್ರ

ತುಮಕೂರು ಜಿಲ್ಲೆಯ ಶಿರಾ ತಾಲೂಕಿನ ತಾವರೆಕೆರೆಯಿಂದ ಈಶಾನ್ಯಕ್ಕೆ, ಪಾವಗಡದ ತಿರುಮಣಿಯ ಸುತ್ತ, ಸುಮಾರು 13,000 ಎಕರೆಗಳಲ್ಲಿ ಹರಡಿದ ಸೌರ ವಿದ್ಯುತ್ ಉದ್ಯಾನವಿದೆ. ಅದು ಉದ್ಘಾಟನೆಗೊಂಡದ್ದು 2018ರಲ್ಲಿ. ದಕ್ಷಿಣಕ್ಕೆ, ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ, ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಸೌರಫಲಕಗಳ ಚೌಕಟ್ಟಿಗೂ ವಿಮಾನ, ಹೆಲಿಕಾಪ್ಟರುಗಳ ಒಡಲಿಗೂ ಸಾಮಾನ್ಯವಾಗಿ ಬಳಕೆಯಾಗುವ ಲೋಹ ಅಲ್ಯೂಮಿನಿಯಂ. ಆದರೆ ಶುದ್ಧ ಅಲ್ಯೂಮಿನಿಯಂ ಅಡುಗೆ ಪಾತ್ರೆಯಂತೆ ಸುಲಭವಾಗಿ ನೆಗ್ಗುವಂಥದು. ಅದನ್ನು ಉಕ್ಕಿಗೆ ಸಮೀಪದ ಬಲಕ್ಕೆ ಏರಿಸುವುದು ನೂರರಲ್ಲಿ ಕೆಲವೇ ಭಾಗದಷ್ಟು ಬೆರೆಯುವ ಅನ್ಯ ಧಾತುಗಳು ಮತ್ತು ಅವುಗಳಿಗೆ ಕೊಡುವ ಶಾಖೋಪಚಾರ.

ಲೋಹ ಬಾಗುವುದೆಂದರೆ ಅದರ ಸ್ಫಟಿಕ ಜಾಲಕದಲ್ಲಿರುವ ಸ್ಥಾನಪಲ್ಲಟ ಎಂಬ ರೇಖಾದೋಷಗಳು ಸರಿದಾಡುವುದು. ಆ ಚಲನೆಯ ಹಾದಿಯಲ್ಲಿ ನ್ಯಾನೋಮೀಟರ್ ಗಾತ್ರದ ಅಸಂಖ್ಯ ಕಣಗಳನ್ನು ನೆಟ್ಟರೆ ಲೋಹ ಗಟ್ಟಿಯಾಗುತ್ತದೆ. ಈ ಕಣಗಳೇ ಅವಕ್ಷೇಪಗಳು. ಇವು ರೂಪುಗೊಳ್ಳಬೇಕಾದರೆ ಬೆರಕೆ ಧಾತು ಹೆಚ್ಚಿನ ಉಷ್ಣತೆಯಲ್ಲಿ ಅಲ್ಯೂಮಿನಿಯಂನಲ್ಲಿ ಚೆನ್ನಾಗಿ ಕರಗಬೇಕು, ತಣ್ಣಗಾದಾಗ ಕರಗದಂತಿರಬೇಕು. ತಾಮ್ರ ಈ ಗುಣಕ್ಕೆ ಮಾದರಿ: 548 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ತೂಕದಲ್ಲಿ ಶೇ. 5.65ರಷ್ಟು ಕರಗುತ್ತದೆ, ಸಾಮಾನ್ಯ ಉಷ್ಣತೆಯಲ್ಲಿ ಕರಗುವುದು ತೀರ ಅತ್ಯಲ್ಪ.

ಕಾದ ಮಿಶ್ರಲೋಹವನ್ನು ಥಟ್ಟನೆ ನೀರಿನಲ್ಲಿ ತಣಿಸಿದರೆ ತಾಮ್ರದ ಪರಮಾಣುಗಳು ಹೊರಬರಲು ಸಮಯವಿಲ್ಲದೆ ಸಿಕ್ಕಿಕೊಂಡು, ಅತಿಸಂತೃಪ್ತ ಘನ ದ್ರಾವಣ ಉಳಿಯುತ್ತದೆ. ಕುಲುಮೆಯಲ್ಲಿ ಕಾಯಿಸಿದ ಕುಡುಗೋಲು ನೀರಿಗಿಳಿದ ಕ್ಷಣವೇ ಗಟ್ಟಿಯಾಗುತ್ತದೆ; ಅಲ್ಯೂಮಿನಿಯಂ ಹಾಗಲ್ಲ, ತಣಿಸಿದ ಮೇಲೂ ಮೃದುವಾಗಿದ್ದು ಅನಂತರ ತಾನಾಗಿ ಗಟ್ಟಿಯಾಗುತ್ತದೆ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ತಾಮ್ರ ಮತ್ತು ಮೆಗ್ನೀಸಿಯಂ ಬೆರೆತ ಲೋಹದಲ್ಲಿ ಇದನ್ನು ಗಮನಿಸಿದನು. ಕಾರಣ ಕಾಣಿಸಿದ್ದು 1938ರಲ್ಲಿ. ಗಿನಿಯೇ ಮತ್ತು ಪ್ರೆಸ್ಟನ್ ಪ್ರತ್ಯೇಕವಾಗಿ, ಕ್ಷಕಿರಣಗಳ ಮೂಲಕ, ತಾಮ್ರದ ಪರಮಾಣುಗಳು ತೆಳು ಬಿಲ್ಲೆಗಳಾಗಿ ಒಟ್ಟುಗೂಡುವುದನ್ನು ತೋರಿಸಿದರು. ಈ ಬಿಲ್ಲೆಗಳ ಬಳಿಕ ಕ್ರಮವಾಗಿ ಥೀಟಾ ದ್ವಿಪ್ರೈಮ್, ಥೀಟಾ ಪ್ರೈಮ್, ಕೊನೆಗೆ ಸ್ಥಿರವಾದ ಥೀಟಾ ಹಂತಗಳು ಮೂಡುತ್ತವೆ. ಗರಿಷ್ಠ ಬಲ ದೊರೆಯುವುದು ನಡುವಿನ ಹಂತಗಳಲ್ಲಿ. ಸ್ಥಿರ ಹಂತ ತಲುಪುವಷ್ಟರಲ್ಲಿ ಕಣಗಳು ದಪ್ಪಗಾಗಿ, ಅವುಗಳ ನಡುವಣ ಅಂತರ ಹೆಚ್ಚಿ, ಲೋಹ ಮತ್ತೆ ಮೆತ್ತಗಾಗುತ್ತದೆ. ಇದನ್ನೇ ಅತಿಪಕ್ವತೆ ಎನ್ನುವುದು.

ಮೆಗ್ನೀಸಿಯಂ ಮತ್ತು ಸಿಲಿಕಾನ್ ಜೊತೆಗೂಡಿದರೆ ಸೂಜಿಯಾಕಾರದ ಅವಕ್ಷೇಪಗಳು ಮೂಡುತ್ತವೆ. ಈ ಲೋಹವನ್ನು ಅಚ್ಚಿನ ಮೂಲಕ ಒತ್ತಿ ಉದ್ದನೆಯ ಪಟ್ಟಿಗಳನ್ನಾಗಿ ತೆಗೆಯುವುದು ಸುಲಭ. ತುಕ್ಕಿಗೂ ಬೇಗ ಬಗ್ಗದು. ಸೌರಫಲಕಗಳ ಚೌಕಟ್ಟಿಗೆ ಈ ವರ್ಗವನ್ನೇ ಆರಿಸುವುದಕ್ಕೆ ಇವು ಕಾರಣ. ವಿದ್ಯುತ್ ತಂತಿಗಳಲ್ಲಿ ಇನ್ನೊಂದು ಲಾಭವಿದೆ. ಕರಗಿ ಚದುರಿರುವ ಪರಮಾಣುಗಳು ಎಲೆಕ್ಟ್ರಾನುಗಳ ಹರಿವಿಗೆ ತಡೆಯೊಡ್ಡುತ್ತವೆ. ಅವು ಅವಕ್ಷೇಪವಾಗಿ ಒಂದೆಡೆ ಸೇರಿದರೆ ಬಲದೊಡನೆ ವಾಹಕತೆಯೂ ಏರುತ್ತದೆ. ಬಲ ಹೆಚ್ಚಿಸುವ ಉಪಾಯಗಳು ವಾಹಕತೆಯನ್ನು ಸಾಮಾನ್ಯವಾಗಿ ಕುಗ್ಗಿಸುವುದರಿಂದ ಇದು ಅಪರೂಪದ ಕೊಡುಗೆಯೇ ಸರಿ.

ಸತು ಮತ್ತು ಮೆಗ್ನೀಸಿಯಂ ಬೆರೆತ ವರ್ಗ ಎಲ್ಲಕ್ಕಿಂತ ಬಲಶಾಲಿ. ಆದರೆ ಗರಿಷ್ಠ ಬಲದ ಸ್ಥಿತಿಯಲ್ಲಿ ಅದು ಒತ್ತಡ ಮತ್ತು ತೇವಗಳೆರಡೂ ಕೂಡಿದಾಗ ಬಿರುಕು ಬಿಡುವ ಅಪಾಯವಿದೆ. ಆದ್ದರಿಂದ ವಿಮಾನದ ದಪ್ಪ ಭಾಗಗಳಲ್ಲಿ ಅದನ್ನು ಬೇಕೆಂದೇ ಅತಿಪಕ್ವಗೊಳಿಸಿ, ಬಲದಲ್ಲಿ ಶೇ. 10ರಿಂದ 15ರಷ್ಟನ್ನು ಬಿಟ್ಟುಕೊಡುವುದುಂಟು. ಈ ಉಪಚಾರ ಪೂರ್ಣ ಫಲ ಕೊಡುವುದು ತಾಮ್ರವೂ ಬೆರೆತಿದ್ದಾಗ.

ಇಲ್ಲಿಯವರೆಗೆ ಹೇಳಿದವು ತಾವೇ ಕಣಗಳಾಗುವ ಧಾತುಗಳು. ಇನ್ನು ಕೆಲವು ಅತ್ಯಲ್ಪ ಪ್ರಮಾಣದಲ್ಲಿದ್ದು, ಕಣಗಳು ಎಲ್ಲಿ, ಯಾವಾಗ, ಎಷ್ಟು ಸೂಕ್ಷ್ಮವಾಗಿ ಮೂಡಬೇಕೆಂಬುದನ್ನು ನಿರ್ಧರಿಸುತ್ತವೆ. ವಿನ್ಯಾಸಕಾರನ ಜಾಣ್ಮೆಗೆ ಹೆಚ್ಚು ಎಡೆಯಿರುವುದು ಇಲ್ಲಿಯೇ. ಅಲ್ಯೂಮಿನಿಯಂ–ತಾಮ್ರ ಲೋಹಕ್ಕೆ ಶೇ. 0.05ರಷ್ಟು ತವರ ಸೇರಿದರೆ ಸಾಕು: ತವರದ ಪರಮಾಣುಗಳು ಜಾಲಕದ ತೆರವು ಸ್ಥಾನಗಳನ್ನು ಹಿಡಿದಿಟ್ಟು ತಂಪಿನಲ್ಲಿ ನಡೆಯುವ ಪಕ್ವತೆಯನ್ನು ನಿಧಾನಿಸುತ್ತವೆ, ಕಾಯಿಸಿದಾಗ ಥೀಟಾ ಪ್ರೈಮ್ ಕಣಗಳು ಒತ್ತೊತ್ತಾಗಿ ಮೂಡಲು ನೆರವಾಗುತ್ತವೆ.

ಎಂಜಿನ್ನಿನ ಬಿಸಿ ಭಾಗಗಳಲ್ಲಿ ಮಾತ್ರ ಈ ಕ್ರಮ ಸೋಲುತ್ತದೆ. 150ರಿಂದ 200 ಡಿಗ್ರಿ ದಾಟಿದರೆ ತಾಮ್ರ ಬೇಗ ವಿಸರಿಸಿ ಕಣಗಳು ದಪ್ಪಗಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸಹೋದ್ಯೋಗಿಗಳೊಡನೆ 2017ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಜಿರ್ಕೋನಿಯಂ ಮೂಲಕ ಒಂದು ದಾರಿ ತೋರಿತು. ಅಲ್ಯೂಮಿನಿಯಂನಲ್ಲಿ ಜಿರ್ಕೋನಿಯಂ ಬಹು ನಿಧಾನವಾಗಿ ಚಲಿಸುವ ಧಾತು. ಅದರ ಅವಕ್ಷೇಪಗಳು ಬಿಸಿಗೆ ಸುಲಭವಾಗಿ ದಪ್ಪಗಾಗವು. ಮೊದಲು ಇವನ್ನು ಮೂಡಿಸಿ, ಆಮೇಲೆ ಅವುಗಳ ಮೇಲೆಯೇ ಥೀಟಾ ದ್ವಿಪ್ರೈಮ್ ಕಣಗಳು ಹುಟ್ಟುವಂತೆ ಮಾಡಿದಾಗ, ಲೋಹ 250 ಡಿಗ್ರಿಯಲ್ಲಿ 260 ಮೆಗಾಪಾಸ್ಕಲ್‌ಗಿಂತ ಹೆಚ್ಚಿನ ಬಲವನ್ನು ತೋರಿತು. ಜಿರ್ಕೋನಿಯಂ ಬಳಕೆಗೆ ಒಂದು ತೊಡಕೂ ಉಂಟು: ಅದು ಅಲ್ಯೂಮಿನಿಯಂನಲ್ಲಿ ಕರಗುವುದೇ ಕಡಿಮೆಯಾದ್ದರಿಂದ, ಎರಕ ನಿಧಾನವಾಗಿ ತಣಿದರೆ ದಪ್ಪ ಹರಳುಗಳಾಗಿ ಬೇರ್ಪಟ್ಟು ವ್ಯರ್ಥವಾಗುತ್ತದೆ. ದೊಡ್ಡ, ದಪ್ಪ ಎರಕಗಳ ಒಳಭಾಗವನ್ನು ಸಾಕಷ್ಟು ವೇಗವಾಗಿ ತಣಿಸುವುದು ಸುಲಭವಲ್ಲ.