ಅರೇ ಒಳಗಿನ ಅರೇ ಎಲ್ಲಿ ಹೋಯಿತು?

ಪ್ರಶ್ನೆ: ಪರ್ಲ್‌ನಲ್ಲಿ ಒಂದು ಅರೇ ಒಳಗೆ ಎರಡು ಅರೇಗಳನ್ನು ಹಾಕಿದೆ. ಎಲ್ಲ ಕಲಸಿಹೋಗಿ ಉದ್ದನೆಯ ಒಂದೇ ಪಟ್ಟಿಯಾಗಿದೆ. ಯಾಕೆ?

ಉತ್ತರ: ಪರ್ಲ್‌ನಲ್ಲಿ ಅರೇಯಾಗಲಿ ಹ್ಯಾಶ್ ಆಗಲಿ, ಒಂದು ಸ್ಥಾನದಲ್ಲಿ ಒಂದೇ ಬಿಡಿ ಮೌಲ್ಯವನ್ನು ಇಟ್ಟುಕೊಳ್ಳುತ್ತದೆ. ದುಂಡು ಆವರಣದೊಳಗೆ ಇಡೀ ಅರೇ ಹಾಕಿದರೆ ಅದರ ಅಂಶಗಳೆಲ್ಲ ಬಿಚ್ಚಿಕೊಂಡು ಹರಡಿಬಿಡುತ್ತವೆ. ಒಳಗಿನ ಪಟ್ಟಿಗಳನ್ನು ಚೌಕ ಆವರಣದಲ್ಲಿ ಬರೆಯಿರಿ. ಆಗ ಸಿಗುವುದು ಅರೇಯಲ್ಲ, ಅದರ ರೆಫರೆನ್ಸ್. ಮನೆಯನ್ನೇ ಹೊತ್ತು ತರುವ ಬದಲು ವಿಳಾಸದ ಚೀಟಿ ಕೊಟ್ಟ ಹಾಗೆ. ಚೀಟಿ ಒಂದೇ ಮೌಲ್ಯ, ಹಾಗಾಗಿ ಹಿಡಿಸುತ್ತದೆ. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್‌ನಲ್ಲಿ ಈ ಸೌಲಭ್ಯ ಇರಲಿಲ್ಲ. 1994ರಲ್ಲಿ, ಐದನೇ ಆವೃತ್ತಿಯೊಂದಿಗೆ ಬಂತು. ಹಳೆಯ ನಡವಳಿಕೆಯನ್ನು ಕೆಡಿಸದೆ ಹೊಸದನ್ನು ಮೇಲೆ ಕೂರಿಸಿದ್ದರಿಂದಲೇ ಇಷ್ಟು ಗೊಂದಲ ಅನ್ನಿ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ವಿದ್ಯಾರ್ಥಿ, ಅವನ ಕೆಳಗೆ ವಿಷಯ, ಅದಕ್ಕೆ ಅಂಕ ಎಂದು ಹ್ಯಾಶ್ ಕಟ್ಟಿದ್ದೀರಿ ಅಂದುಕೊಳ್ಳಿ. ಪಟ್ಟಿಯಲ್ಲೇ ಇಲ್ಲದ ರವಿಯ ಗಣಿತದ ಅಂಕ ಇದೆಯೇ ಎಂದು ‘ಎಕ್ಸಿಸ್ಟ್ಸ್’ ಬಳಸಿ ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಆದರೆ ಕೇಳಿದ ಮಾತ್ರಕ್ಕೇ ರವಿಯ ಹೆಸರಲ್ಲೊಂದು ಖಾಲಿ ಹ್ಯಾಶ್ ಹುಟ್ಟಿಕೊಂಡಿರುತ್ತದೆ! ಮೊದಲು ರವಿ ಇದ್ದಾನೆಯೇ ನೋಡಿ, ಆಮೇಲೆ ಗಣಿತ ಕೇಳಿ.