ಚಕಮಕಿ ರೈಫಲಿಗೆ ತಕ್ಕ ಈಡನ್ನು ಗೊತ್ತುಮಾಡುವ ಕ್ರಮ

ಬಾಯಿಂದ ಮದ್ದು ತುಂಬತಕ್ಕ ಚಕಮಕಿ ರೈಫಲು ಗುರಿತಪ್ಪಿದರೆ ಹಲವರು ಮೊದಲು ಮಾಡುವ ಕೆಲಸವೆಂದರೆ ಇನ್ನೊಂದು ಚಿಟಿಕೆ ಮದ್ದನ್ನು ಹೆಚ್ಚಾಗಿ ಹಾಕುವುದು. ಪೈರು ಸೊರಗಿದರೆ ಕಾರಣವನ್ನು ವಿಚಾರಿಸದೆ ಗೊಬ್ಬರವನ್ನು ಸುರಿಯುವುದಕ್ಕೂ ಇದಕ್ಕೂ ಭೇದವಿಲ್ಲ. ತಪ್ಪು ಈಡಿನಿಂದ ಎರಡು ವಿಧವಾದ ಕೇಡುಂಟು. ಮೊದಲನೆಯದು, ಪ್ರಾಣಿಯು ಸಾಯದೆ ಗಾಯಗೊಂಡು ಪೊದೆ ಸೇರಿ ದಿನಗಟ್ಟಲೆ ನರಳುವುದು. ಎರಡನೆಯದು, ನಳಿಗೆ ಉಬ್ಬಿ ಅಥವಾ ಒಡೆದು ಹೊಡೆಯುವವನ ಕೈಗೋ ಕಣ್ಣಿಗೋ ಅಪಾಯವಾಗುವುದು. ಅತಿ ಹೆಚ್ಚಿನ ಈಡು ಸರಿಯಾದ ಈಡಲ್ಲ. ಪ್ರತಿಸಲವೂ ಗುಂಡನ್ನು ಒಂದೇ ಎಡೆಗೆ ಕಳುಹಿಸುವ ಈಡೇ ಸರಿಯಾದದ್ದು. ಅದನ್ನು ಊಹೆಯಿಂದಲ್ಲ, ಪರೀಕ್ಷೆಯಿಂದ ಗೊತ್ತುಮಾಡಬೇಕು.

1. ಈ ರೈಫಲಿನ ಹುಟ್ಟು

ಈ ವಿಷಯದಲ್ಲಿ ಹೆಚ್ಚಿನ ಅನುಭವವುಳ್ಳವರು ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಒಕ್ಕಲುಮಕ್ಕಳು. 18ನೆಯ ಶತಮಾನದಲ್ಲಿ ಜರ್ಮನಿಯ ಕಡೆಯಿಂದ ಹೋಗಿ ಅಲ್ಲಿ ನೆಲಸಿದ ಕೋವಿ ಕಮ್ಮಾರರು ಲ್ಯಾಂಕಾಸ್ಟರ್ ಮುಂತಾದ ಸ್ಥಳಗಳಲ್ಲಿ ಈ ರೈಫಲುಗಳನ್ನು ತಯಾರಿಸಿದರು. ಅವರ ಹಿಂದಿನ ಜರ್ಮನ್ ರೈಫಲುಗಳು ಮೋಟಾಗಿಯೂ ದೊಡ್ಡ ಬಾಯಿಯುಳ್ಳವಾಗಿಯೂ ಇದ್ದುವು. ಕಾಡಿನ ಅಂಚಿನ ರೈತನಿಗೆ ಸೀಸವೂ ಮದ್ದೂ ದುರ್ಲಭವಾಗಿದ್ದುದರಿಂದ ನಳಿಗೆಯನ್ನು ಉದ್ದಮಾಡಿ ಬಾಯನ್ನು ಚಿಕ್ಕದುಮಾಡಿದರು. ಅಂಗುಲದ ನೂರರಲ್ಲಿ 60 ಭಾಗದ ಗುಂಡುಗಳು ಒಂದು ಪೌಂಡು ಸೀಸಕ್ಕೆ ಸುಮಾರು 21 ಆಗುವುವು; 49 ಭಾಗದ ಗುಂಡುಗಳಾದರೆ ಸುಮಾರು 40 ಆಗುವುವು. 1974ರಿಂದ ಅದೇ ಪೆನ್ಸಿಲ್ವೇನಿಯದಲ್ಲಿ ಜಿಂಕೆಯ ಬೇಟೆಗೆ ಚಕಮಕಿ ಕೋವಿಗೆಂದೇ ಪ್ರತ್ಯೇಕವಾದ ಋತುವನ್ನು ಏರ್ಪಡಿಸಿರುವುದರಿಂದ ಈ ವಿದ್ಯೆಯು ಅಲ್ಲಿ ಇಂದಿಗೂ ಬಳಕೆಯಲ್ಲಿದೆ.

2. ಈಡಿನ ಅಂಗಗಳು

ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಹೋಗುವ ಗೀರುಗಳಿರುತ್ತವೆ. ಗುಂಡು ಇವುಗಳ ಜಾಡಿನಲ್ಲಿ ತಿರುಗುತ್ತ ಹೊರಬಿದ್ದರೆ ಮಾತ್ರ ನೆಟ್ಟಗೆ ಹೋಗುವುದು. ಗುಂಡು ನಳಿಗೆಗಿಂತ ಸ್ವಲ್ಪ ಸಣ್ಣದು. ಅದನ್ನು ಜಿಡ್ಡು ಸವರಿದ ಬಟ್ಟೆಯ ಬಿಲ್ಲೆಯಲ್ಲಿ ಸುತ್ತಿ ಇಳಿಸುತ್ತಾರೆ. ಗೀರನ್ನು ಹಿಡಿಯುವುದೂ ಮದ್ದಿನ ಹೊಗೆಯನ್ನು ತಡೆಯುವುದೂ ಈ ಬಟ್ಟೆಯೇ. ಆದುದರಿಂದ ಮದ್ದು, ಗುಂಡು, ಬಟ್ಟೆ, ಜಿಡ್ಡು ಈ ನಾಲ್ಕೂ ಸೇರಿ ಒಂದು ಈಡಾಗುತ್ತದೆ.

ಅರ್ಧ ಅಂಗುಲದ ಬಾಯುಳ್ಳ ರೈಫಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದಕ್ಕೆ ಅಂಗುಲದ ನೂರರಲ್ಲಿ 49 ಭಾಗದ ಗುಂಡೂ, ಸಾವಿರದಲ್ಲಿ 15 ಭಾಗ ದಪ್ಪವಾದ ಒತ್ತು ನೆಯ್ಗೆಯ ಹತ್ತಿಬಟ್ಟೆಯೂ ವಾಡಿಕೆ. ಈ ಗುಂಡಿನ ತೂಕ ಸುಮಾರು 177 ಗ್ರೇನು. ಒಂದು ತೊಲಕ್ಕೆ 180 ಗ್ರೇನಾದುದರಿಂದ ಗುಂಡು ಹೆಚ್ಚುಕಡಮೆ ಒಂದು ತೊಲವೆಂದು ತಿಳಿಯಬಹುದು. ಗುಂಡನ್ನು ಶುದ್ಧವಾದ ಮೆತುಸೀಸದಿಂದ ಎರೆಯಬೇಕು. ಎರೆದವುಗಳನ್ನು ತೂಗಿ, ಹಗುರವಾದುವನ್ನು ಒಳಗೆ ಪೊಳ್ಳಿರುವುದೆಂದು ತಿಳಿದು ಮತ್ತೆ ಕರಗಿಸತಕ್ಕದ್ದು.

ಮದ್ದು ಕರಿಮದ್ದೇ ಆಗಿರಬೇಕು. ಹೊಗೆಯಿಲ್ಲದ ಮದ್ದನ್ನು ಇಂಥ ಕೋವಿಗೆ ಎಷ್ಟು ಅಲ್ಪವಾಗಿಯೂ ಹಾಕಲಾಗದು. ಹಾಕಿದರೆ ನಳಿಗೆ ಸಿಡಿಯುವುದು. ಇಷ್ಟು ಬಾಯಳತೆಗೆ ಮೂರು ಎಫ್ ಗುರುತಿನ ಸಣ್ಣಕಾಳಿನ ಕರಿಮದ್ದನ್ನು ಉಪಯೋಗಿಸುವುದು ರೂಢಿ.

3. ಪರೀಕ್ಷೆಯ ಕ್ರಮ

ವ್ಯವಸಾಯದ ಪ್ರಯೋಗಭೂಮಿಯಲ್ಲಿ ಬೀಜ, ನೀರು, ಗೊಬ್ಬರ ಮೂರನ್ನೂ ಒಂದೇ ವರ್ಷ ಬದಲಾಯಿಸಿದರೆ ಇಳುವರಿ ಯಾವುದರಿಂದ ಹೆಚ್ಚಿತೆಂದು ತಿಳಿಯಲಾರದು. ಈಡಿನ ಪರೀಕ್ಷೆಯಲ್ಲಿಯೂ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಉಳಿದುವನ್ನು ಇದ್ದಂತೆಯೇ ಇಡಬೇಕು.

ಗಾಳಿಯಿಲ್ಲದ ಹೊತ್ತಿನಲ್ಲಿ, ಹಿಂದೆ ಎತ್ತರವಾದ ಮಣ್ಣಿನ ದಿಬ್ಬವಿರುವ ಕಡೆ, 25 ಗಜ ದೂರದಲ್ಲಿ ಕಾಗದದ ಗುರಿಯನ್ನು ಕಟ್ಟಬೇಕು. ಕೋವಿಯನ್ನು ಮರಳುಚೀಲದ ಮೇಲೆ ಇಡಬೇಕು. ಇಲ್ಲವಾದರೆ ಕೈಯ ನಡುಕವು ಈಡಿನ ದೋಷದಂತೆ ಕಾಣುವುದು. ಮದ್ದನ್ನು 50 ಗ್ರೇನಿನಿಂದ ಆರಂಭಿಸಿ ಐದು ಗುಂಡುಗಳನ್ನು ಹೊಡೆಯಬೇಕು. ಹೊಸ ಕಾಗದವನ್ನು ಕಟ್ಟಿ 55, ಆಮೇಲೆ 60, ಹೀಗೆ ಐದೈದು ಗ್ರೇನು ಏರಿಸುತ್ತ ಹೋಗಬೇಕು. ಕೋವಿಯ ತಯಾರಕರು ಗೊತ್ತುಮಾಡಿದ ಮಿತಿಯನ್ನು ಎಂದಿಗೂ ಮೀರಕೂಡದು. ಪ್ರತಿಯೊಂದು ಈಡಿನ ನಂತರ ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ನಳಿಗೆಯನ್ನು ಒರಸತಕ್ಕದ್ದು. ಕರಿಮದ್ದಿನ ಮಸಿ ಕಟ್ಟಿಕೊಂಡರೆ ಐದನೆಯ ಗುಂಡಿನ ನಳಿಗೆ ಮೊದಲನೆಯದರ ನಳಿಗೆಯಾಗಿ ಉಳಿಯದು.

ಪ್ರತಿ ಕಾಗದದ ಮೇಲೆ ಮದ್ದಿನ ಅಳತೆ, ಬಟ್ಟೆಯ ದಪ್ಪ, ಜಿಡ್ಡು, ದಿನದ ಹವೆ ಇವನ್ನು ಬರೆದು, ಅತಿ ದೂರದ ಎರಡು ತೂತುಗಳ ನಡುವಣ ಅಂತರವನ್ನು ಅಳೆಯಬೇಕು. ಮದ್ದು ಏರಿದಂತೆ ಈ ಅಂತರ ಸಾಮಾನ್ಯವಾಗಿ ಕಿರಿದಾಗುತ್ತ ಬಂದು, ಒಂದು ಹಂತವನ್ನು ದಾಟಿದ ಮೇಲೆ ತಿರುಗಿ ಅಗಲವಾಗುವುದು. ಅತಿ ಕಿರಿದಾದ ಅಂತರದ ಅಳತೆಯೇ ಆ ರೈಫಲಿಗೆ ಒಪ್ಪುವ ಮದ್ದು. ಅದನ್ನು 50 ಗಜದಲ್ಲಿ ಮತ್ತೊಮ್ಮೆ ಪರೀಕ್ಷಿಸಿ ದೃಢಪಡಿಸಿಕೊಳ್ಳಬೇಕು. ಆ ಬಳಿಕವೇ ಬಟ್ಟೆಯನ್ನೋ ಜಿಡ್ಡನ್ನೋ ಬದಲಾಯಿಸಿ ನೋಡತಕ್ಕದ್ದು.

ಗುಂಡುಗಳೆಲ್ಲ ಒಂದೇ ಎಡೆಯಲ್ಲಿ ಗುಂಪಾಗಿ ಬಿದ್ದು, ಆ ಗುಂಪು ಗುರಿಯ ಎಡಕ್ಕಿದ್ದರೆ ದೋಷ ಈಡಿನದಲ್ಲ. ಹಿಂದಿನ ಗುರಿಗಚ್ಚನ್ನು ಬಲಕ್ಕೆ ಸರಿಸಿದರೆ ಸಾಕು. ಗುಂಪು ಕೆಳಗಿದ್ದರೆ ನಳಿಗೆಯ ತುದಿಯ ಗುರಿಮೊಳೆಯನ್ನು ಅರದಿಂದ ಕೊಂಚಕೊಂಚವಾಗಿ ತಗ್ಗಿಸಬೇಕು.

4. ಬಟ್ಟೆಯ ಸಾಕ್ಷ್ಯ

ಹೊಡೆದ ಬಟ್ಟೆಯ ಬಿಲ್ಲೆಗಳು ನಳಿಗೆಯ ಮುಂದೆ ಕೆಲವು ಗಜಗಳೊಳಗೆ ಬಿದ್ದಿರುತ್ತವೆ. ಇವನ್ನು ತಪ್ಪದೆ ಆರಿಸಿ ನೋಡಬೇಕು. ಬಿಲ್ಲೆಯು ಹರಿಯದೆ, ನಡುವೆ ಮಸಿಯ ಗುರುತಿದ್ದು, ಅಂಚು ಮಾತ್ರ ತುಸು ಬಿಚ್ಚಿದ್ದರೆ ಈಡು ಕ್ರಮವಾಗಿದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಜಿಡ್ಡು ಸಾಲದಾಯಿತು ಅಥವಾ ಮದ್ದು ಹೆಚ್ಚಾಯಿತು. ಕತ್ತರಿಸಿದಂತೆ ಸೀಳಿದ್ದರೆ ನಳಿಗೆಯ ಬಾಯಂಚು ಅಥವಾ ಗೀರಿನ ಅಂಚು ಹರಿತವಾಗಿದೆಯೆಂದು ತಿಳಿದು ಕೋವಿಯ ಕೆಲಸ ಬಲ್ಲವರಿಗೆ ತೋರಿಸಬೇಕು.

5. ರಂಜಕ ಮತ್ತು ಕಲ್ಲು

ಚಕಮಕಿ ಕೋವಿಯಲ್ಲಿ ಕುದುರೆ ಬಿದ್ದುದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಸ್ವಲ್ಪ ಕಾಲವುಂಟು. ಈ ಕಾಲ ಒಮ್ಮೆ ಹೆಚ್ಚು ಒಮ್ಮೆ ಕಡಮೆಯಾದರೆ ಎಷ್ಟು ಒಳ್ಳೆಯ ಈಡೂ ಗುರಿ ಸೇರದು. ಬಟ್ಟಲಿಗೆ ನಾಲ್ಕು ಎಫ್ ಗುರುತಿನ ನುಣುಪು ಮದ್ದು ಮೂರರಿಂದ ಐದು ಗ್ರೇನು ಸಾಕು. ಅದು ನಳಿಗೆಯ ಬೆಂಕಿತೂತನ್ನು ಮುಚ್ಚಬಾರದು. ಮುಚ್ಚಿದರೆ ಮದ್ದು ಬತ್ತಿಯಂತೆ ನಿಧಾನವಾಗಿ ಉರಿಯುತ್ತ ಒಳಹೋಗುವುದು, ತೆರೆದಿದ್ದರೆ ಜ್ವಾಲೆಯು ನೇರವಾಗಿ ಒಳಗೆ ಹಾರುವುದು. ಕಲ್ಲಿನ ಅಂಚು ಚೂಪಾಗಿಯೂ ಉಕ್ಕಿನ ಮುಖಕ್ಕೆ ಸಮನಾಗಿಯೂ ಇರಬೇಕು. ಉಕ್ಕು, ಕಲ್ಲು, ಬಟ್ಟಲು ಇವುಗಳ ಮೇಲೆ ಎಣ್ಣೆಯಾಗಲಿ ತೇವವಾಗಲಿ ಇರಕೂಡದು.

6. ದೂರದ ಮಿತಿ

ಗುಂಡನೆಯ ಸೀಸವು ಗಾಳಿಯಲ್ಲಿ ಬೇಗನೆ ವೇಗಗುಂದುತ್ತದೆ. ಜಿಂಕೆಯ ಹೃದಯ ಶ್ವಾಸಕೋಶಗಳ ಸ್ಥಾನ ಸುಮಾರು 8 ಅಂಗುಲದ ತಟ್ಟೆಯಷ್ಟು. ಮರಳುಚೀಲವಿಲ್ಲದೆ ನಿಂತು ಹೊಡೆದಾಗ ಐದಕ್ಕೆ ಐದೂ ಇಂಥ ತಟ್ಟೆಯೊಳಗೆ ಬೀಳುವ ದೂರವೇ ಆ ಬೇಟೆಗಾರನ ಮಿತಿ. ಅದು 50 ಗಜವೇ ಆದರೆ 60 ಗಜದಲ್ಲಿ ಹೊಡೆಯದೆ ಬಿಡುವುದೇ ಧರ್ಮ.

7. ಎಚ್ಚರಿಕೆಗಳು

(ಅ) ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಒಳಗೆ ಕಿಡಿ ಉಳಿದಿದ್ದರೆ ಕೊಂಬೇ ಕೈಯಲ್ಲಿ ಸಿಡಿಯುವುದು. ಬೇರೆ ಅಳತೆಯ ಕೊಳವೆಯಿಂದಲೇ ಹಾಕಬೇಕು.

(ಆ) ಗುಂಡು ಮದ್ದಿನ ಮೇಲೆ ಒತ್ತಿ ಕುಳಿತಿರಬೇಕು. ನಡುವೆ ತೆರಪು ಉಳಿದರೆ ನಳಿಗೆ ಉಬ್ಬುವುದು, ಒಡೆಯಲೂಬಹುದು. ಈಡು ಜಡಿಯುವ ಕೋಲಿನ ಮೇಲೆ ಗುರುತು ಮಾಡಿಟ್ಟರೆ ಗುಂಡು ಪೂರ್ತಿ ಇಳಿಯಿತೋ ಇಲ್ಲವೋ ಎಂಬುದೂ, ಒಂದರ ಮೇಲೊಂದು ಈಡು ಬಿದ್ದಿದೆಯೋ ಎಂಬುದೂ ಕೂಡಲೆ ತಿಳಿಯುವುದು.

(ಇ) ಬೆಂಕಿ ಹತ್ತದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷಕ್ಕೆ ಕಡಮೆಯಿಲ್ಲದೆ ಕಾಯಬೇಕು. ನಳಿಗೆಯ ಬಾಯಿಗೆ ಮುಖವೊಡ್ಡಬಾರದು.

(ಈ) ಕರಿಮದ್ದಿನ ಮಸಿಯು ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಅದೇ ದಿನ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು.

8. ನಮ್ಮ ಸೀಮೆಗೆ ಅನ್ವಯ

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಮನೆಗಳಲ್ಲಿ ಉಳಿದುಬಂದಿರುವ ಕೇಪಿನ ಕೋವಿಗಳು ಬಹುಮಟ್ಟಿಗೆ ನುಣ್ಣನೆಯ ನಳಿಗೆಯವು. ಮೇಲ್ಕಂಡ ಅಂಕಿಗಳನ್ನು ಅವಕ್ಕೆ ಅನ್ವಯಿಸಲಾಗದು. ಅವುಗಳ ಕಬ್ಬಿಣ ಎಷ್ಟು ಸವೆದಿದೆಯೆಂಬುದನ್ನು ಬಲ್ಲವರು ಪರೀಕ್ಷಿಸದೆ ಈಡು ತುಂಬಲೇಕೂಡದು. 1959ರ ಆಯುಧಗಳ ಅಧಿನಿಯಮದಂತೆ ಕೋವಿಗೆ ಲೈಸೆನ್ಸು ಅಗತ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. ಆದರೆ ಲೈಸೆನ್ಸಾಗಲಿ ವಿನಾಯಿತಿಯಾಗಲಿ ಬೇಟೆಗೆ ಅಪ್ಪಣೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ಕಾಡುಮೃಗಗಳ ಬೇಟೆ ಅಪರಾಧ. ಪೈರಿಗೆ ಹಾನಿಯಾದರೆ ಅರಣ್ಯ ಇಲಾಖೆಗೆ ತಿಳಿಸುವುದೇ ಮಾರ್ಗ. ಗ್ರಾಮದ ಮುಖ್ಯಸ್ಥರು ಇದನ್ನು ಎಲ್ಲರಿಗೂ ತಿಳಿಯಹೇಳತಕ್ಕದ್ದು.

ಒಂದು ರೈಫಲಿಗೆ ಒಪ್ಪಿದ ಈಡು ಅದೇ ಕಮ್ಮಾರನು ಮಾಡಿದ ಇನ್ನೊಂದಕ್ಕೆ ಒಪ್ಪಲೇಬೇಕೆಂಬುದಿಲ್ಲ. ಆದಕಾರಣ ಪರೀಕ್ಷೆಯ ಫಲವನ್ನು ಒಂದು ಪುಸ್ತಕದಲ್ಲಿ ಬರೆದು ಆ ಕೋವಿಯ ಸಂಗಡಲೇ ಇಡಬೇಕು. ಮದ್ದಿನ ಡಬ್ಬ ಬದಲಾದಾಗಲೂ ಬಟ್ಟೆಯ ಥಾನು ಬದಲಾದಾಗಲೂ ಪುನಃ 25 ಗಜದಲ್ಲಿ ಐದು ಗುಂಡು ಹೊಡೆದು, ಪುಸ್ತಕದ ಲೆಕ್ಕಕ್ಕೆ ತಾಳೆ ನೋಡಿಕೊಳ್ಳತಕ್ಕದ್ದು.